ರೇಟು ಹೇಳದ ಅಂಗಡಿಯ ರೇಟು ಬರೆಯುವವರು ಯಾರು?

"ತಗೊಳ್ಳಾಕ ಬಂದೀರೋ, ಬರಕೊಳ್ಳಾಕ ಬಂದೀರೋ?"

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಕಿರಾಣಿ ಅಂಗಡಿಯ ಮುಂದೆ ನೋಟ್‌ಬುಕ್ ಹಿಡಿದು ನಿಂತಿದ್ದ ನನಗೆ ಬಿದ್ದ ಮೊದಲ ಪ್ರಶ್ನೆ ಇದು. ತೊಗರಿಬೇಳೆ, ಬಿಳಿಜೋಳ, ಸೇಂಗಾ ಎಣ್ಣೆ, ಈ ಮೂರರ ರೇಟು ಕೇಳಿದ್ದೆ. ಬೇಳೆಯದ್ದು ಹೇಳಿದರು. ಜೋಳಕ್ಕೆ "ಯಾವ ಜೋಳ ಬೇಕು ಹೇಳ್ರಿ, ಆಮ್ಯಾಲೆ ರೇಟ್ ಹೇಳ್ತೀನಿ" ಅಂದರು. ಎಣ್ಣೆಗೆ ಬರುವಷ್ಟರಲ್ಲಿ ನನ್ನ ಪೆನ್ನು ಅವರ ಕಣ್ಣಿಗೆ ಬಿದ್ದಿತ್ತು. "ಟ್ಯಾಕ್ಸ್ ಆಫೀಸಿನವ್ರೇನ್ರಿ ಸರ?" ಅಲ್ಲ, ಪತ್ರಕರ್ತ ಅಂದೆ. ಅದು ಇನ್ನೂ ಕೆಟ್ಟದ್ದಾಯಿತು. ಪಕ್ಕದ ಅಂಗಡಿಯವರು ಮಾತ್ರ ಸ್ಟೂಲು ಹಾಕಿ, ಚಾ ತರಿಸಿ, ನಾನು ಕೇಳದೇ ಇದ್ದ ಸಾಮಾನುಗಳ ರೇಟನ್ನೂ ಹೇಳಿ ಕಳಿಸಿದರು.

ಕುತೂಹಲಕ್ಕೆ ನಾನು ಒಂದು ಬೆಳಿಗ್ಗೆ ಮಾಡಿದ ಈ ಕೆಲಸವನ್ನು ವಾರ ವಾರ, ತಿಂಗಳು ತಿಂಗಳು ಮಾಡುವ ಜನ ಇದ್ದಾರೆ. ಅವರಿಗೂ ಇದೇ ಎರಡು ಥರದ ಅಂಗಡಿಗಳು ಸಿಗುತ್ತವೆ. ಚಾ ಕುಡಿಸುವ ಅಂಗಡಿಯ ಬೆಲೆ ಸರಕಾರದ ಲೆಕ್ಕಕ್ಕೆ ಸೇರುತ್ತದೆ. ಬಾಯಿ ಬಿಡದ ಅಂಗಡಿಯ ಬೆಲೆ ಏನಾಗುತ್ತದೆ? ಅದನ್ನು ತಿಳಿಯಲು ಹೊರಟು ಬರೆದದ್ದು ಈ ಲೇಖನ.

ಕೇಂದ್ರ ಕಾರ್ಮಿಕ ಸಚಿವಾಲಯದ ಕೆಳಗೆ ಲೇಬರ್ ಬ್ಯೂರೋ ಎಂಬ ಸಂಸ್ಥೆ ಇದೆ. ಶಿಮ್ಲಾದಿಂದ ಅದು ಪ್ರತಿ ತಿಂಗಳು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಪ್ರಕಟಿಸುತ್ತದೆ. ದೇಶದ 88 ಕೇಂದ್ರಗಳ 317 ಮಾರುಕಟ್ಟೆಗಳಿಂದ ಬೆಲೆಗಳು ಬರುತ್ತವೆ. ಆ 88ರಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಹಿಂದಿನ 2001ರ ಸರಣಿಯಲ್ಲಿ 78 ಕೇಂದ್ರಗಳಷ್ಟೇ ಇದ್ದಾಗಲೂ ನಮ್ಮ ಅವಳಿ ನಗರ ಪಟ್ಟಿಯಲ್ಲಿತ್ತು. ಬೆಲೆ ಬರೆದುಕೊಳ್ಳುವವರು ಹೆಚ್ಚಾಗಿ ರಾಜ್ಯ ಸರಕಾರದ ಸಿಬ್ಬಂದಿ. ತಮ್ಮ ಕೆಲಸದ ಜೊತೆಗೆ ಗೌರವಧನಕ್ಕೆ ಇದನ್ನೂ ಮಾಡುತ್ತಾರೆ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಅಂಗಡಿ, ಗೊತ್ತುಮಾಡಿದ ದರ್ಜೆಯ ಸಾಮಾನು. ಒಂದು ಮಾರುಕಟ್ಟೆಯಲ್ಲಿ ಒಂದು ಸಾಮಾನಿಗೆ ಸಾಮಾನ್ಯವಾಗಿ ಎರಡು ಅಂಗಡಿ. ಎರಡೇ! ಒಬ್ಬರು ಮುಖ ತಿರುಗಿಸಿದರೆ ಆ ಮಾರುಕಟ್ಟೆಯ ಅರ್ಧ ಸಾಕ್ಷ್ಯ ಹೋಯಿತು.

"ಯಾವ ಜೋಳ ಬೇಕು" ಅಂತ ಆ ಅಂಗಡಿಯವರು ಕೇಳಿದ್ದು ತಪ್ಪಲ್ಲ, ಗಮನಿಸಿ. ಹೋದ ತಿಂಗಳು ಒಂದು ದರ್ಜೆ, ಈ ತಿಂಗಳು ಇನ್ನೊಂದು ದರ್ಜೆ ಬರೆದರೆ ಸಿಗುವುದು ಜೋಳದ ವ್ಯತ್ಯಾಸವೇ ಹೊರತು ಬೆಲೆಯೇರಿಕೆ ಅಲ್ಲ. ನನಗಿಂತ ಅವರಿಗೇ ಸಂಖ್ಯಾಶಾಸ್ತ್ರ ಚೆನ್ನಾಗಿ ಗೊತ್ತಿತ್ತು.

ಇದರಿಂದ ಯಾರಿಗೆ ಏನು?

ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಸ್ಥಾನ. ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುವವರ ತುಟ್ಟಿಭತ್ಯೆ, ಅಂದರೆ ಡಿಎ, ನಿಂತಿರುವುದು ಇದೇ ಸೂಚ್ಯಂಕದ ಮೇಲೆ. ಏಳನೇ ವೇತನ ಆಯೋಗದ ಸೂತ್ರ ಸರಳ. ಹನ್ನೆರಡು ತಿಂಗಳ ಸರಾಸರಿ ಸೂಚ್ಯಂಕವನ್ನು 2.88ರಿಂದ ಗುಣಿಸಿ ಹಳೆಯ ಸರಣಿಗೆ ತರಬೇಕು. ಅದು 261.42ಕ್ಕಿಂತ ಶೇಕಡ ಎಷ್ಟು ಹೆಚ್ಚಿದೆಯೋ ಅಷ್ಟು ಡಿಎ. ಲೆಕ್ಕ ಹಾಕಿ ನೋಡಿದರೆ, ಸರಾಸರಿ ಒಂದೇ ಒಂದು ಅಂಕ ಏರಿದರೆ ಡಿಎ ಸುಮಾರು ಶೇ 1.1ರಷ್ಟು ಏರುತ್ತದೆ. ₹18,000 ಮೂಲವೇತನ ಇದ್ದವರಿಗೆ ತಿಂಗಳಿಗೆ ₹198. ಅದೂ ದಶಾಂಶ ಕತ್ತರಿಸಿ ಕೊಡುತ್ತಾರೆ: 58.9 ಬಂದರೂ ಕೈಗೆ 58. ಹಾಗಾಗಿ ಸೂಚ್ಯಂಕದಲ್ಲಿ ಕೂದಲೆಳೆಯಷ್ಟು ಕಡಿಮೆಯಾದರೂ ಒಂದು ಇಡೀ ಶೇಕಡ ಜಾರಿಹೋಗಬಹುದು. ನಮ್ಮ ರಾಜ್ಯದ ಕನಿಷ್ಠ ವೇತನಕ್ಕೆ ಸೇರಿಸುವ ವ್ಯತ್ಯಸ್ತ ತುಟ್ಟಿಭತ್ಯೆಯೂ ಗ್ರಾಹಕ ಬೆಲೆ ಸೂಚ್ಯಂಕಕ್ಕೇ ಕಟ್ಟಿಕೊಂಡಿದೆ. ಹೋಟೆಲು, ಗಾರ್ಮೆಂಟ್ಸು, ಸೆಕ್ಯೂರಿಟಿ ಕೆಲಸದವರ ಸಂಬಳದ ಮಾತು ಇದು.

ಇನ್ನೊಂದು ಸೂಚ್ಯಂಕವಿದೆ. ಟಿವಿಯಲ್ಲಿ "ಚಿಲ್ಲರೆ ಹಣದುಬ್ಬರ" ಅಂತ ಬರುವುದು ಅದೇ. ಅದನ್ನು ಮಾಡುವುದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ. ರಿಸರ್ವ್ ಬ್ಯಾಂಕು ಹಣದುಬ್ಬರವನ್ನು ಶೇ 4ರ ಸುತ್ತ, ಎರಡು ಅಂಕ ಆಚೆ ಈಚೆ ಹಿಡಿದಿಡಬೇಕು ಅನ್ನುವಾಗ ಅಳತೆಗೋಲು ಇದು. ನಿಮ್ಮ ಗೃಹಸಾಲದ ಕಂತಿನ ಹಿಂದೆ ಇರುವುದೂ ಇದೇ.

ಈ ಎರಡನೆಯ ಸೂಚ್ಯಂಕದ ಮಾಸಿಕ ಪ್ರಕಟಣೆಯಲ್ಲಿ ಯಾರೂ ಓದದ ಒಂದು ಸಾಲು ಇರುತ್ತಿತ್ತು. 2012ರ ಮೂಲವರ್ಷದ ಸರಣಿಯಲ್ಲಿ 1,181 ಹಳ್ಳಿ, 1,114 ನಗರ ಮಾರುಕಟ್ಟೆಗಳಿದ್ದವು. ಸಿಬ್ಬಂದಿ ಶೇ 99ಕ್ಕೂ ಹೆಚ್ಚು ಹಳ್ಳಿಗಳಿಂದ, ಶೇ 98ರ ಆಸುಪಾಸು ನಗರ ಮಾರುಕಟ್ಟೆಗಳಿಂದ ಬೆಲೆ ತಂದಿದ್ದಾರೆ ಅಂತ ಮೊದಲ ಭಾಗ ಹೇಳುತ್ತಿತ್ತು. ಆ ಮಾರುಕಟ್ಟೆಗಳ ಒಳಗೆ ನಿಜಕ್ಕೂ ಸಿಕ್ಕ ಬೆಲೆಗಳು ಎಷ್ಟು ಅಂತ ಎರಡನೆಯ ಭಾಗ. ಅದು ಇತ್ತೀಚಿನ ವರ್ಷಗಳಲ್ಲಿ ಗ್ರಾಮೀಣದಲ್ಲಿ ಶೇ 90ರ ಸುತ್ತಮುತ್ತ, ನಗರದಲ್ಲಿ ಅದಕ್ಕಿಂತ ತುಸು ಹೆಚ್ಚು. ಹೋಗಿದ್ದೆವು ಅನ್ನುವುದು ಒಂದು ಸಂಖ್ಯೆ, ಸಿಕ್ಕಿತು ಅನ್ನುವುದು ಇನ್ನೊಂದು. ಉಳಿದ ಹತ್ತರಲ್ಲಿ ಎಲ್ಲವೂ "ಹೇಳೋದಿಲ್ಲ ಹೋಗ್ರಿ" ಅಂದವರದ್ದಲ್ಲ. ಆಪೂಸು ಹಣ್ಣಿನ ಬೆಲೆ ನವೆಂಬರಿನಲ್ಲಿ ಎಲ್ಲಿಂದ ತರುತ್ತೀರಿ? ಸ್ಟಾಕ್ ಇರುವುದಿಲ್ಲ, ಅಂಗಡಿ ಮುಚ್ಚಿರುತ್ತದೆ. ಆದರೂ ಆ ಹತ್ತರಲ್ಲಿ ಮೌನವೂ ಸೇರಿದೆ.

ಶೇ 90 ಅಂದರೆ ಫಸ್ಟ್ ಕ್ಲಾಸ್ ಅಲ್ಲವೇ? ನನಗೂ ಮೊದಲು ಹಾಗೇ ಅನ್ನಿಸಿತ್ತು.

ಹತ್ತು ಅಂಗಡಿಯ ಲೆಕ್ಕ

ಒಂದು ಊಹೆಯ ಸಂತೆ ಮಾಡೋಣ. ಹತ್ತು ಅಂಗಡಿ. ಹೋದ ತಿಂಗಳು ಎಲ್ಲ ಕಡೆ ಜೋಳ ಕಿಲೋಗೆ ₹50. ಈ ತಿಂಗಳು ಆರು ಅಂಗಡಿಗಳಲ್ಲಿ ಹಳೆಯ ಮಾಲು ಉಳಿದಿದೆ, ₹51ಕ್ಕೆ ಮಾರುತ್ತಿವೆ. ನಾಲ್ಕು ಅಂಗಡಿಗಳು ಎಪಿಎಂಸಿಯಿಂದ ಹೊಸ ಮಾಲು ತಂದಿವೆ, ₹60. ಆರು ಕಡೆ ಶೇ 2, ನಾಲ್ಕು ಕಡೆ ಶೇ 20 ಏರಿಕೆ. ಸರಳ ಸರಾಸರಿ ತೆಗೆದರೆ ಶೇ 9.2. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಗುಣೋತ್ತರ ಸರಾಸರಿ ಬಳಸುತ್ತದೆ. ಅಂಕಿ ಸ್ವಲ್ಪ ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ.

ಈಗ ₹60ಕ್ಕೆ ಮಾರುವ ನಾಲ್ವರಲ್ಲಿ ಇಬ್ಬರು ರೇಟು ಹೇಳಲಿಲ್ಲ ಅಂದುಕೊಳ್ಳಿ. ರೇಟು ಏರಿಸಿದವನಿಗೇ ಅಲ್ಲವೇ ಹೇಳಲು ಮುಜುಗರ? ಸಿಕ್ಕಿದ್ದು ಎಂಟು ಬೆಲೆ. ಸರಾಸರಿ ಶೇ 6.5ಕ್ಕೆ ಇಳಿಯಿತು. ಉತ್ತರ ಸಿಕ್ಕ ಪ್ರಮಾಣ ಶೇ 80, ಅಂದರೆ ಭರ್ಜರಿ. ಉತ್ತರ ಮಾತ್ರ ತಪ್ಪು.

ಇನ್ನೊಂದು ಸಂತೆ. ಮಳೆ ಬಂತು, ಬೆಲೆ ಬರೆಯುವವರು ಐದೇ ಅಂಗಡಿ ಮುಟ್ಟಿದರು. ಅದೃಷ್ಟಕ್ಕೆ ಅದರಲ್ಲಿ ಮೂರು ಹಳೆ ಮಾಲಿನವು, ಎರಡು ಹೊಸ ಮಾಲಿನವು. ಸರಾಸರಿ ಮತ್ತೆ ಶೇ 9.2! ಉತ್ತರ ಸಿಕ್ಕ ಪ್ರಮಾಣ ಬರೀ ಶೇ 50, ಉತ್ತರ ಸರಿ.

ಮಳೆಗೆ ಬೆಲೆಯ ಹಂಗಿಲ್ಲ, ಮುಜುಗರಕ್ಕೆ ಇದೆ. ಎಷ್ಟು ಜನ ಸುಮ್ಮನಿದ್ದರು ಅನ್ನುವುದಕ್ಕಿಂತ ಅವರು ಸುಮ್ಮನಿದ್ದ ಕಾರಣಕ್ಕೂ ಬೆಲೆಗೂ ಸಂಬಂಧ ಇದೆಯೇ ಅನ್ನುವುದೇ ಇಲ್ಲಿ ಮುಖ್ಯ. ಪ್ರಕಟಣೆಯಲ್ಲಿರುವ ಶೇಕಡ ಮೊದಲನೆಯದನ್ನು ಹೇಳುತ್ತದೆ, ಎರಡನೆಯದನ್ನು ಹೇಳುವುದಿಲ್ಲ.

ಖಾಲಿ ಉಳಿದ ಜಾಗವನ್ನು ಹಾಗೇ ಬಿಡಲಾಗುವುದಿಲ್ಲ, ಏನಾದರೂ ತುಂಬಬೇಕು. ಇಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ಒಂದು ರೀಡಿಂಗ್ ತಪ್ಪಿಹೋದರೆ ಹಿಂದಿನದ್ದು ಮುಂದಿನದ್ದು ನೋಡಿ ನಡುವೆ ಒಂದು ಸಂಖ್ಯೆ ಕೂರಿಸಿದವರೇ ನಾವೆಲ್ಲ. ಗ್ರಾಫು ಚೆಂದ ಬರುತ್ತಿತ್ತು. ಬೆಲೆ ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಮರ್ಯಾದಸ್ಥ ದಾರಿಗಳಿವೆ. ಒಂದು, ಉತ್ತರ ಕೊಟ್ಟ ಅಂಗಡಿಗಳಲ್ಲಿ ಬೆಲೆ ಎಷ್ಟು ಏರಿತೋ ಸುಮ್ಮನಿದ್ದ ಅಂಗಡಿಯಲ್ಲೂ ಅಷ್ಟೇ ಏರಿತು ಅಂತ ಹಿಡಿಯುವುದು. ಹಾಗೆ ಮಾಡಿದರೆ ಮೇಲಿನ ಮೊದಲ ಸಂತೆಯ ಶೇ 6.5 ಹಾಗೇ ಉಳಿಯುತ್ತದೆ. ಇನ್ನೊಂದು, ಹೋದ ತಿಂಗಳ ಬೆಲೆಯನ್ನೇ ಈ ತಿಂಗಳಿಗೂ ಎಳೆದುಕೊಂಡು ಬರುವುದು. ಆಗ ಆ ಇಬ್ಬರ ಏರಿಕೆ ಸೊನ್ನೆ, ಸರಾಸರಿ ಶೇ 5.2. ನಿಜವಾದ 9.2ರ ಹತ್ತಿರ ಎರಡೂ ಬರಲಿಲ್ಲ. ಎರಡನೆಯ ದಾರಿಯನ್ನು ಪರಿಣತರು ಆದಷ್ಟು ದೂರ ಇಡುತ್ತಾರೆ. ಆದರೆ ಬಿಸಿಲಲ್ಲಿ ಹತ್ತನೇ ಅಂಗಡಿಯ ಮುಂದೆ ನಿಂತವರಿಗೆ "ಹೋದ ತಿಂಗಳಿದ್ದಷ್ಟೇ ಐತ್ರಿ" ಅನ್ನುವ ಉತ್ತರ ಎಷ್ಟು ಹಿತವಾಗಿ ಕೇಳಿಸುತ್ತದೆ ಅಂತ ನಾನು ಬಲ್ಲೆ. ಹೇಳುವವರಿಗೂ ಅನುಕೂಲ, ಬರೆಯುವವರಿಗೂ ಅನುಕೂಲ. ಇಂಥ ಉತ್ತರ ಲೆಕ್ಕದಲ್ಲಿ "ಬೆಲೆ ಸಿಕ್ಕಿದೆ" ಅಂತಲೇ ಸೇರುತ್ತದೆ. ಹಾಗಾಗಿ ಪ್ರಮಾಣ ಬಹಳ ಎತ್ತರಕ್ಕಿದ್ದರೂ ನನಗೆ ಸಣ್ಣ ಅನುಮಾನ ಉಳಿಯುತ್ತದೆ.

ದುರ್ಗದಬೈಲಿನ ಒಂದು ಅಂಗಡಿಯಿಂದ ದೇಶದ ಸೂಚ್ಯಂಕ ಅಲ್ಲಾಡುವುದಿಲ್ಲ, ನಿಜ. ಒಂದು ಊರಿನಲ್ಲಿ ಹೆಚ್ಚು ಬರೆದದ್ದನ್ನು ಇನ್ನೊಂದು ಊರಿನಲ್ಲಿ ಕಡಿಮೆ ಬರೆದದ್ದು ಸರಿದೂಗಿಸುತ್ತದೆ. ಆದರೆ ಎಲ್ಲ ಊರುಗಳಲ್ಲೂ ಒಂದೇ ಥರದ ಅಂಗಡಿ, ಒಂದೇ ಕಾರಣಕ್ಕೆ, ಒಂದೇ ಹೊತ್ತಿನಲ್ಲಿ ಬಾಯಿ ಮುಚ್ಚಿದರೆ ಯಾವುದೂ ಸರಿದೂಗುವುದಿಲ್ಲ.

ಅಂಥ ಹೊತ್ತು ಬರುತ್ತದೆಯೇ? 2025ರ ಜುಲೈ ನೆನಪಿಸಿಕೊಳ್ಳಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೇಕರಿ, ಚಹಾ ಅಂಗಡಿ, ತರಕಾರಿ ಗಾಡಿಯವರಿಗೂ ಬಂತು. ಕ್ಯೂಆರ್ ಕೋಡು ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡು ಹಾಕಿಕೊಂಡವರು ಎಷ್ಟೋ ಜನ. ಬಂದ್ ಕರೆ ಬಂತು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆದು ಮಾತಾಡಬೇಕಾಯಿತು. ತೆರಿಗೆ ಇಲಾಖೆ ಬೇರೆ, ಬೆಲೆ ಬರೆಯುವವರು ಬೇರೆ ಅಂತ ನೀವು ಹೇಳಬಹುದು. ಅಂಗಡಿಯವರ ಕಣ್ಣಿಗೆ ಇಬ್ಬರೂ "ಗೌರ್ಮೆಂಟಿನವ್ರು". ನನ್ನ ಪೆನ್ನು ಕಂಡು ಬಾಯಿ ಮುಚ್ಚಿದವರು ಆಮೇಲೆ ಹೇಳಿದ್ದೂ ಅದನ್ನೇ: "ಇವತ್ತ ರೇಟ್ ಕೇಳಿ ಹೋದೋರು ನಾಳೆ ನೋಟಿಸ್ ತಂದ್ರ ಯಾರ ಹತ್ರ ಹೋಗ್ಲಿ?"

ಎರಡು ತಿಂಗಳ ನಂತರ, ಸೆಪ್ಟೆಂಬರ್ 22ರಂದು, ಜಿಎಸ್‌ಟಿ ದರಗಳು ಇಳಿದವು. ಸಾಬೂನು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆ ಶೇ 18ರಿಂದ ಶೇ 5ಕ್ಕೆ. ಆಗ ಇಡೀ ದೇಶ ತಿಳಿಯಬಯಸಿದ್ದು ಒಂದೇ: ಅಂಗಡಿಯವರು ಇಳಿಸಿದರೋ ಇಲ್ಲವೋ? ಇಳಿಸಿದವರು ಎದೆಯುಬ್ಬಿಸಿ ಹೇಳುತ್ತಾರೆ. ಹಳೆಯ ಎಂಆರ್‌ಪಿಯ ಸ್ಟಾಕನ್ನು ಹಳೆಯ ರೇಟಿಗೇ ಮಾರುತ್ತಿರುವವರು ಹೇಳುತ್ತಾರೆಯೇ? ಅಂಥವರ ಮೌನ ಲೆಕ್ಕದಲ್ಲಿ ಬೆಲೆ ಇಳಿದಂತೆಯೇ ತೋರುತ್ತದೆ.

ಬೀಗ ಹಾಕಿದ ಬಾಗಿಲು

ಕಿರಾಣಿ ಅಂಗಡಿಯ ಮಾತಾದರೂ ಪರವಾಗಿಲ್ಲ, ಪಕ್ಕದ ಅಂಗಡಿ ಇದೆ. ಎಲ್ಲಕ್ಕಿಂತ ತೊಡಕಿನದು ಮನೆ ಬಾಡಿಗೆ. ಕೈಗಾರಿಕಾ ಕಾರ್ಮಿಕರ ಸೂಚ್ಯಂಕದಲ್ಲಿ ವಸತಿಯ ತೂಕ ಶೇ 16.87. ಅಂದರೆ ನೂರು ರೂಪಾಯಿ ಖರ್ಚಿನಲ್ಲಿ ಹದಿನೇಳರ ಹತ್ತಿರ. ಬಾಡಿಗೆಯನ್ನು ತಿಂಗಳು ತಿಂಗಳು ಕೇಳುವುದಿಲ್ಲ, ಆರು ತಿಂಗಳಿಗೊಮ್ಮೆ ಅದೇ ಮನೆಗೆ ಹೋಗಿ ಕೇಳುತ್ತಾರೆ. ಒಂದು ಸಲ ತಪ್ಪಿದರೆ ಆ ತಪ್ಪು ಆರು ತಿಂಗಳು ಬದುಕುತ್ತದೆ.

ಧಾರವಾಡದ ಸಪ್ತಾಪುರದ ಕಡೆ ಹೋದವರಿಗೆ ಗೊತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದು ಒಂದೊಂದು ರೂಮಿನಲ್ಲಿ ಮೂರು ನಾಲ್ಕು ಜನ ಇರುತ್ತಾರೆ. ಬಾಡಿಗೆ ಎಷ್ಟು? ಮಾಲೀಕರನ್ನು ಕೇಳಿದರೆ ಒಂದು, ಕರಾರು ಪತ್ರದಲ್ಲಿ ಇನ್ನೊಂದು, ಹುಡುಗರು ಕೊಡುವುದು ಮತ್ತೊಂದು. ಇದಕ್ಕಿಂತ ದೊಡ್ಡ ಸಮಸ್ಯೆ ಬೀಗ. ಇದ್ದವರೇ ಇದ್ದರೆ ಬಾಡಿಗೆ ವರ್ಷಕ್ಕೆ ಸ್ವಲ್ಪ ಏರುತ್ತದೆ. ಅವರು ಬಿಟ್ಟು ಹೊಸಬರು ಬಂದಾಗ ಒಮ್ಮೆಗೇ ಜಿಗಿಯುತ್ತದೆ. ಬಿಟ್ಟವರಿಗೂ ಬಂದವರಿಗೂ ನಡುವಿನ ದಿನಗಳಲ್ಲಿ ಬಾಗಿಲಿಗೆ ಬೀಗ. ಬೆಲೆ ಜಿಗಿಯುವ ಹೊತ್ತಿಗೇ ಉತ್ತರ ಕೊಡುವವರು ಮನೆಯಲ್ಲಿ ಇರುವುದಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಹೆದರಲೂ ಇಲ್ಲ. ಆದರೂ ಲೆಕ್ಕ ಕೆಳಗೆ ಜಗ್ಗುತ್ತದೆ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಎರಡು ವರ್ಷದ ಹಿಂದೆ ಧಾರವಾಡದ ನನ್ನ ಬಾಡಿಗೆ ಮನೆಗೆ ಒಬ್ಬರು ಮೇಡಂ ಬಂದಿದ್ದರು. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಗುರುತಿನ ಚೀಟಿ. "ಐದ ನಿಮಿಷ ಅಷ್ಟ್ರಿ ಅಣ್ಣಾರ" ಅಂದರು. ಲೇಖನ ಕಳಿಸುವ ಗಡಿಬಿಡಿಯಲ್ಲಿದ್ದೆ. "ನಾಳೆ ಬರ್ರಿ ಮೇಡಂ" ಅಂದೆ. ಮರುದಿನ ಬಂದರಂತೆ, ನಾನು ಇರಲಿಲ್ಲ. ಯಾವ ಸಮೀಕ್ಷೆ ಅಂತಲೂ ಕೇಳಿರಲಿಲ್ಲ. ಅಂಕಿಅಂಶದ ಗುಣಮಟ್ಟ ಕುಸಿಯಿತು ಅಂತ ಆಗಾಗ ಬರೆಯುವ ನಾನು ಆ ಮೇಡಂ ಅವರ ಪಟ್ಟಿಯಲ್ಲಿ ಒಂದು ಖಾಲಿ ಮನೆ.

2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯ ಪ್ರಕಾರ ಮಾಹಿತಿ ಕೊಡದವರಿಗೆ ₹1,000 ವರೆಗೆ, ಕಂಪನಿಯಾದರೆ ₹5,000 ವರೆಗೆ ದಂಡ ಹಾಕಲು ಅವಕಾಶವಿದೆ. ಕೊಟ್ಟ ಮಾಹಿತಿಯನ್ನು ಅಂಕಿಅಂಶದ ಕೆಲಸಕ್ಕಲ್ಲದೆ ಬೇರೆಯದಕ್ಕೆ ಬಳಸದಂತೆ ಅದೇ ಕಾಯ್ದೆ ಕಟ್ಟುಹಾಕಿದೆ. ಜನರಿಗೆ ಗೊತ್ತಾಗಬೇಕಾದದ್ದು ಈ ಎರಡನೆಯದು, ಅದನ್ನು ಯಾರೂ ಹೇಳುವುದಿಲ್ಲ. ದಂಡದ ಹೆದರಿಕೆಗೆ ಬರುವ ಉತ್ತರ "ಹೋದ ತಿಂಗಳಿದ್ದಷ್ಟೇ ಐತ್ರಿ" ಥರದ್ದೇ ಆಗಿರುತ್ತದೆ. ರಾಜ್ಯದ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರಿನಲ್ಲಿ ಮನೆಮನೆ ಸಮೀಕ್ಷೆ ಶುರುಮಾಡಿದಾಗ, ಉತ್ತರ ಕೊಡುವುದು ಕಡ್ಡಾಯವಲ್ಲ ಎಂಬುದನ್ನು ಜನರಿಗೆ ತಿಳಿಸಬೇಕು ಅಂತ ಹೈಕೋರ್ಟ್ ಹೇಳಿತು. ಆಗ ಬಾಗಿಲಲ್ಲೇ ನಿಂತು "ಬ್ಯಾಡ್ರಿ" ಅಂದವರು ಕಡಿಮೆಯೇನಲ್ಲ. ಪ್ರಶ್ನೆ ಕೇಳುವವರ ಮೇಲಿನ ಭರವಸೆ ಒಮ್ಮೆ ತೆಳುವಾದರೆ ಎಲ್ಲ ಸಮೀಕ್ಷೆಗಳಿಗೂ ಅದರ ಬಿಸಿ ತಟ್ಟುತ್ತದೆ.

ಉತ್ತರವೇ ಸಿಗದ ಕಾಲವನ್ನೂ ನಾವು ನೋಡಿದ್ದೇವೆ. ಕೊರೊನಾ ಬಂದಾಗ, 2020ರ ಮಾರ್ಚ್ 19ರಿಂದ, ಸಾಂಖ್ಯಿಕ ಕಚೇರಿಯ ಸಿಬ್ಬಂದಿ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಆ ತಿಂಗಳು ಸಿಕ್ಕಿದ್ದು ಸುಮಾರು ಶೇ 66ರಷ್ಟು ಬೆಲೆಗಳು. ಏಪ್ರಿಲ್, ಮೇ ತಿಂಗಳ ಒಟ್ಟು ಸೂಚ್ಯಂಕವನ್ನು ಸಮಯಕ್ಕೆ ಪ್ರಕಟಿಸಲಿಲ್ಲ. ಫೋನಿನಲ್ಲಿ ವಿಚಾರಿಸಿದರು, ಸಿಬ್ಬಂದಿ ಮನೆಗೆ ಸಾಮಾನು ತರಲು ಹೋದಾಗ ಕಂಡ ರೇಟನ್ನೂ ಸೇರಿಸಿಕೊಂಡರು. ಆಮೇಲೆ ಜುಲೈನಲ್ಲಿ ಅಂದಾಜಿನಿಂದ ತುಂಬಿದ ಅಂಕಿಗಳು ಬಂದವು, ಅಂದಾಜು ಅಂತ ಹೇಳಿಯೇ ಕೊಟ್ಟರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಗಿತ್ತು.

ಅಮೆರಿಕದಲ್ಲಿ ಕೊರೊನಾ ಇಲ್ಲದೆಯೇ ಇದು ನಡೆಯುತ್ತಿದೆ. ಸಿಬ್ಬಂದಿ ಕೊರತೆಯಿಂದ ಅಲ್ಲಿನ ಕಾರ್ಮಿಕ ಅಂಕಿಅಂಶ ಬ್ಯೂರೋ 2025ರ ಏಪ್ರಿಲ್‌ನಲ್ಲಿ ನೆಬ್ರಾಸ್ಕಾದ ಲಿಂಕನ್, ಯೂಟಾದ ಪ್ರೊವೊ ನಗರಗಳಲ್ಲಿ, ಜೂನ್‌ನಲ್ಲಿ ಬಫೆಲೊದಲ್ಲಿ ಬೆಲೆ ಸಂಗ್ರಹ ನಿಲ್ಲಿಸಿತು. ಖಾಲಿ ಬಿದ್ದ ಬೆಲೆಗೆ ಅದೇ ಊರಿನ ಅದೇ ಸಾಮಾನಿನ ಬೆಲೆ ಸಿಗದೆ, ಬೇರೆ ಊರಿನದ್ದನ್ನೋ ಹತ್ತಿರದ ಬೇರೆ ಸಾಮಾನಿನದ್ದನ್ನೋ ಎರವಲು ತರುವ ವಿಧಾನ ಒಂದಿದೆ. ಹುಬ್ಬಳ್ಳಿಯ ಜೋಳದ ರೇಟಿಗೆ ಮಂಗಳೂರಿನದ್ದು ನೋಡಿದ ಹಾಗೆ. ಆ ಜೂನ್‌ನಲ್ಲಿ ತುಂಬಿದ ಖಾಲಿ ಜಾಗಗಳಲ್ಲಿ ಶೇ 35ರಷ್ಟು ಹೀಗೆ ಎರವಲಿನವು. ಅಕ್ಟೋಬರಿನಲ್ಲಿ ಸರಕಾರವೇ ಬಾಗಿಲು ಹಾಕಿದ್ದರಿಂದ ಆ ತಿಂಗಳ ಸೂಚ್ಯಂಕ ಬರಲೇ ಇಲ್ಲ. ಬ್ರಿಟನ್ನಿನಲ್ಲಿ ಬೆಲೆಯದ್ದಲ್ಲ, ಉದ್ಯೋಗದ ಸಮೀಕ್ಷೆ. ಉತ್ತರ ಕೊಡುವವರು ಶೇ 20ಕ್ಕಿಂತ ಕೆಳಗಿಳಿದರು, 2023ರ ಅಕ್ಟೋಬರಿನಲ್ಲಿ ಪ್ರಕಟಣೆಯನ್ನೇ ತಡೆಹಿಡಿಯಬೇಕಾಯಿತು. ಈ ದೇಶಗಳ ಅವಸ್ಥೆ ನಮಗೆ ಗೊತ್ತಾದದ್ದು ಅವರು ಆ ಸಂಖ್ಯೆಗಳನ್ನು ಬಯಲಿಗಿಟ್ಟಿದ್ದರಿಂದ.

ನಮ್ಮಲ್ಲಿ 2026ರ ಫೆಬ್ರುವರಿಯಲ್ಲಿ 2024ರ ಮೂಲವರ್ಷದ ಹೊಸ ಸರಣಿ ಬಂದಿದೆ. ಹಳ್ಳಿಯ ಮಾರುಕಟ್ಟೆಗಳು 1,465, ನಗರದವು 1,395ಕ್ಕೆ ಏರಿವೆ. ಕಾಗದದ ಬದಲು ಟ್ಯಾಬ್ ಬಂದಿದೆ. ಆನ್‌ಲೈನ್ ಮಾರಾಟ ತಾಣಗಳ ಬೆಲೆಯನ್ನೂ ಸೇರಿಸುತ್ತಿದ್ದಾರೆ, ಆದರೆ 25 ಲಕ್ಷಕ್ಕೂ ಹೆಚ್ಚು ಜನರಿರುವ ಹನ್ನೆರಡು ನಗರಗಳಲ್ಲಿ ಮಾತ್ರ. ವೆಬ್‌ಸೈಟಿಗೆ ಮುಜುಗರವಿಲ್ಲ, ಅದು ಕೇಳಿದ ತಕ್ಷಣ ರೇಟು ಹೇಳುತ್ತದೆ. 2011ರ ಜನಗಣತಿಯಲ್ಲಿ 9.43 ಲಕ್ಷ ಜನರಿದ್ದ ಹುಬ್ಬಳ್ಳಿ-ಧಾರವಾಡದಂಥ ಊರುಗಳ ಬೆಲೆ ಇನ್ನೂ ಅಂಗಡಿಯವರ ಬಾಯಿಂದಲೇ ಬರಬೇಕು.

ಹಾಗಾದರೆ ನನಗೇನು ಬೇಕು? ಲೇಬರ್ ಬ್ಯೂರೋದ ಮಾಸಿಕ ಪ್ರಕಟಣೆಯಲ್ಲಿ 88 ಕೇಂದ್ರ, 317 ಮಾರುಕಟ್ಟೆ ಎಂಬ ಸಾಲು ಇರುತ್ತದೆ. ಆ ತಿಂಗಳು ಎಷ್ಟು ಅಂಗಡಿಗಳು ಉತ್ತರ ಕೊಟ್ಟವು ಎಂಬ ಸಾಲು ಇರುವುದಿಲ್ಲ. ಡಿಎಗಾಗಿ ಅದನ್ನೇ ಕಾಯುವ ಕಾರ್ಮಿಕ ಸಂಘಟನೆಗಳು ಸೂಚ್ಯಂಕ ಎಷ್ಟಾಯಿತು ಅಂತ ಕೇಳುತ್ತವೆ, ಎಷ್ಟು ಬೆಲೆಗಳಿಂದ ಆಯಿತು ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಕೇಂದ್ರವಾರು ಕೊಡಲಿ. ಹುಬ್ಬಳ್ಳಿ-ಧಾರವಾಡದಲ್ಲಿ ಬರೆದುಕೊಂಡ ಬೆಲೆ ಇಷ್ಟು, ಅಂದಾಜಿನಿಂದ ತುಂಬಿದ್ದು ಇಷ್ಟು, ಹೋದ ತಿಂಗಳಿದ್ದಷ್ಟೇ ಬಂದದ್ದು ಇಷ್ಟು. ಅಂಗಡಿಯ ಹೆಸರು ಗುಟ್ಟಾಗಿಯೇ ಇರಲಿ, ಇರಬೇಕು ಕೂಡ. ಬೆಲೆ ಬರೆಯುವವರ ಕೈಯಲ್ಲಿ ಕನ್ನಡದಲ್ಲಿ ಅಚ್ಚಾದ ಒಂದು ಪತ್ರ ಇರಲಿ, ಈ ಮಾಹಿತಿ ತೆರಿಗೆಯವರಿಗೆ ಹೋಗುವುದಿಲ್ಲ ಅಂತ. ಅವರ ಗೌರವಧನವನ್ನೂ ಯಾರಾದರೂ ಒಮ್ಮೆ ನೋಡಲಿ.

ಮುಂದಿನ ಶನಿವಾರ ಅದೇ ಅಂಗಡಿಗೆ ಮತ್ತೆ ಹೋದೆ, ಈ ಸಲ ಪೆನ್ನು ಬಿಟ್ಟು ಕೈಚೀಲ ಹಿಡಿದು. ಎರಡು ಕಿಲೋ ಬಿಳಿಜೋಳ, ಒಂದು ಲೀಟರ್ ಸೇಂಗಾ ಎಣ್ಣೆ ಕಟ್ಟಿಸಿಕೊಂಡೆ. ರೇಟು ಏರಿತ್ತು. ಯಾಕೆ ಏರಿತು, ಅಮರಗೋಳದ ಎಪಿಎಂಸಿಯಲ್ಲಿ ಹೋದ ವಾರ ಏನಾಯಿತು, ಮುಂದಿನ ವಾರ ಏನಾಗಬಹುದು ಅಂತ ಕಾಲು ಗಂಟೆ ಹೇಳಿದರು. ನಾನು ಕೇಳಿರಲೇ ಇಲ್ಲ.